ಮುಕ್ಕಾಲು ಇಂಚು

ಬಿಚ್ಚಕ್ಕನಿಗೆ ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಸುಮ್ಮನೆ ಇಟ್ಟದ್ದಂತೂ ಅಲ್ಲ. ದರ್ಜಿಯ ಮನೆಯಲ್ಲಿ ಹುಟ್ಟಿ, ದರ್ಜಿ ಅಂಗಡಿಯಲ್ಲೇ ಐವತ್ತು ದಾಟಿದ ಹೆಂಗಸು ಅವಳು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಒಂದು ತುದಿಗೆ ಚಿಂದಿ ಸುತ್ತಿದ ಅರ್ಧ ಬ್ಲೇಡು ಸದಾ ಅವಳ ಬೆರಳ ಸಂದಿಯಲ್ಲೇ ಇರುತ್ತಿತ್ತು. ಯಾರದೇ ಹೊಲಿಗೆಯಾಗಲಿ, ಒಂದು ನೂಲಿನಷ್ಟು ಓರೆ ಕಂಡರೆ ಸಾಕು, ಕರಕರ ಬಿಚ್ಚಿ ಎದುರಿಗೆ ಎಸೆಯುವಳು. ತನ್ನದನ್ನೂ ಬಿಡುತ್ತಿರಲಿಲ್ಲ, ಆ ಮಾತು ಒಪ್ಪಲೇಬೇಕು. ಆದರೆ ತನ್ನದನ್ನು ಗೋಡೆಯ ಕಡೆ ತಿರುಗಿ ಬಿಚ್ಚುವಳು, ಬೇರೆಯವರದನ್ನು ಗಿರಾಕಿಗಳ ಕಣ್ಣೆದುರಿಗೆ.

ಅಂಗಡಿಗಷ್ಟೇ ಇದು ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲಿನ ಬಟ್ಟೆಯನ್ನು ಎಳೆದು ನಾಲ್ಕು ಮೂಲೆಯನ್ನೂ ಲಕೋಟೆಯ ಹಾಗೆ ಮಡಿಸಬೇಕು. ತರಕಾರಿ ಹೆಚ್ಚಿದರೆ ಹೋಳುಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತಿರಬೇಕು. ಒಗೆದ ಬಟ್ಟೆ ಒಣಹಾಕುವಾಗ ಉದ್ದದ್ದು ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ. ದಿನಕ್ಕೆ ಒಂದು ಕೆಲಸವಾದರೂ ನಿನ್ನೆಗಿಂತ ಮೇಲಾಗಬೇಕೆಂಬುದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಹದಿನೆಂಟರ ವಯಸ್ಸಿನಲ್ಲಿ ಇಂಚಿಗೆ ಹದಿನಾಲ್ಕು ಕೈಹೊಲಿಗೆ ಹಾಕುತ್ತಿದ್ದವಳು ಈಗ ಇಪ್ಪತ್ತೆರಡಕ್ಕೆ ಬಂದಿದ್ದಳು, ಅದೂ ಕನ್ನಡಕವಿಲ್ಲದೆ. ಕೇಳಲು ಚೆಂದ. ಇಂಥವರ ಜೊತೆ ಒಂದೇ ಸೂರಿನಡಿ ಒಂದು ವಾರ ಇದ್ದು ನೋಡಿ, ಆಮೇಲೆ ಮಾತಾಡೋಣ.

ಹಾಗೆ ಇದ್ದವಳು ತಮ್ಮನ ಹೆಂಡತಿ. ವಾರವಲ್ಲ, ಹತ್ತೊಂಬತ್ತು ವರ್ಷ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲು ಬಾರದಿದ್ದವಳು, ಮೂರೇ ವರ್ಷದಲ್ಲಿ ಗಂಡನ ಪಕ್ಕದ ಮಿಷಿನ್ನಿಗೆ ಬಂದು ಕೂತಳು. ಅವಳ ಕೈ ಬಿರುಗಾಳಿ, ಬಾಯಿ ಅದಕ್ಕಿಂತ. ಅಳತೆ ತೆಗೆಯುತ್ತ ಗಿರಾಕಿಯ ಸೊಂಟನೋವು, ಮಗಳ ಪರೀಕ್ಷೆ, ಪಕ್ಕದ ಮನೆಯವರ ಜಗಳ ಎಲ್ಲವನ್ನೂ ಕೇಳಿ ಮುಗಿಸುವಳು. ಹೊಲಿಗೆ ಮಾತ್ರ ಬಿಚ್ಚಕ್ಕನ ಕಣ್ಣಿಗೆ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಆದರೂ ಗಿರಾಕಿಗಳು ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದುದು ಅವಳನ್ನೇ. ಅದು ಕಿವಿಗೆ ಬಿದ್ದಾಗಲೆಲ್ಲ ಬಿಚ್ಚಕ್ಕ ಹತ್ತಿರ ಸಿಕ್ಕ ಹೊಲಿಗೆಗೆ ಬ್ಲೇಡು ಹಚ್ಚುತ್ತಿದ್ದಳು. ಹಾವು ಮುಂಗುಸಿಯಾದರೂ ಬೇರೆ ಬೇರೆ ಬಿಲದಲ್ಲಿರುತ್ತವೆ, ಇವರಿಬ್ಬರ ಮಿಷಿನ್ನುಗಳ ನಡುವೆ ಇದ್ದದ್ದು ಎರಡು ಮಾರು ಜಾಗ.

ಈ ಸಲದ ಜಗಳ ಹತ್ತಿಕೊಂಡದ್ದು ಕಾಜಾಗಳಿಂದ. ತಮ್ಮನ ಹೆಂಡತಿ ಒಬ್ಬಾಕೆಯ ಮೇಲಂಗಿಗೆ ಗುಂಡಿ ತೂರಿಸುವ ಆರು ಕಾಜಾ ಹೊಲಿದು ಮುಗಿಸಿದ್ದಳು. ಆಕೆ ಅದನ್ನು ತೊಟ್ಟು, ಗುಂಡಿ ಹಾಕಿ, ಹೊರಡಲು ಎದ್ದಿದ್ದಳು. ಬಿಚ್ಚಕ್ಕ ತಡೆದು ನಿಲ್ಲಿಸಿದಳು.

"ಒಂದ್ನಿಮಿಷ ನಿಂತ್ಕೊಳ್ಳಿ. ಮೂರನೇದು ಕಣ್ಣು ಬಿಟ್ಕೊಂಡಿದೆ. ಐದನೇದು ಕಣ್ಣು ಮುಚ್ಕೊಂಡಿದೆ. ಇದನ್ನ ಹಾಕ್ಕೊಂಡು ಬೀದೀಲಿ ಹೋದ್ರೆ ನಮ್ಮ ಮಾನ ಏನಾಗ್ಬೇಕು?"

ಆಕೆಯ ಮೈಮೇಲಿದ್ದ ಹಾಗೆಯೇ ಆರೂ ಕಾಜಾ ಬಿಚ್ಚಿಹಾಕಿದಳು. ಗಿರಾಕಿ ಎದೆಗೆ ಕೈ ಅಡ್ಡ ಹಿಡಿದು ಕೂತಳು. ಕಟಿಂಗ್ ಮೇಜಿನ ಹತ್ತಿರ ಕಾಯುತ್ತಿದ್ದ ಇನ್ನಿಬ್ಬರು ಕಿಸಕ್ಕನೆ ನಕ್ಕರು. ತಮ್ಮನ ಹೆಂಡತಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಅವತ್ತಿನಿಂದ ಅವಳು ಅತ್ತಿಗೆಯ ಜೊತೆ ಮಾತು ಬಿಟ್ಟಳು. ಬಿಚ್ಚಕ್ಕನೂ ಬಿಟ್ಟಳು, ಮಾತಾಡದೆ ಇರುವುದರಲ್ಲೂ ಇವಳಿಗೆ ಸೋಲುವುದೇ ಎಂದುಕೊಂಡು. ಮಧ್ಯೆ ಸಿಕ್ಕಿಕೊಂಡವನು ತಮ್ಮ. ಅವನು ಹುಟ್ಟಿದಾಗಿನಿಂದ ಇಬ್ಬರ ನಡುವೆ ನಡೆದು ಅಭ್ಯಾಸವಿದ್ದವನಂತೆ ಸುಮ್ಮನಿದ್ದ.

ಆದರೆ ಅವನಿಗೂ ಇನ್ನು ಬಹಳ ದಿನ ಸುಮ್ಮನಿರಲು ಸಾಧ್ಯವಿರಲಿಲ್ಲ. ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ಮೊದಮೊದಲು ಚಹಾದ ಲೋಟದಲ್ಲಿ ಕಾಣುತ್ತಿದ್ದದ್ದು ಈಗ ಕತ್ತರಿಯಲ್ಲೂ ಕಾಣತೊಡಗಿತ್ತು. ಕಟಿಂಗ್ ಮೇಜು ಇನ್ನೊಬ್ಬರ ಕೈಗೆ ಹೋಗಲೇಬೇಕಿತ್ತು. ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರೇ ಯಜಮಾನರು, ಉಳಿದವರೆಲ್ಲ ಬರೀ ಕೈಗಳು. ಆ ಮೇಜಿನ ಮೇಲೆ ಬಿಚ್ಚಕ್ಕನ ಕಣ್ಣು ನೆಟ್ಟು ಮೂವತ್ತು ವರ್ಷವಾಗಿತ್ತು. ಅವಳಿಗೆ ಇಪ್ಪತ್ತೊಂದಾಗಿದ್ದಾಗ ಅಪ್ಪ ಕತ್ತರಿಯನ್ನು ಅವಳಿಗಿಂತ ಮೂರು ವರ್ಷ ಚಿಕ್ಕವನಾದ, ಅವಳಿಂದಲೇ ಹೊಲಿಗೆ ಕಲಿತ ತಮ್ಮನ ಕೈಗೆ ಕೊಟ್ಟಿದ್ದ. "ನೀನು ಇವತ್ತೋ ನಾಳೆಯೋ ಗಂಡನ ಮನೆಗೆ ಹೋಗೋಳು" ಎಂದಿದ್ದ. ಅವಳು ಹೋಗಲಿಲ್ಲ. ಕತ್ತರಿಯೂ ಬರಲಿಲ್ಲ. ಆ ಗಾಯ ಆರಿದೆಯೆಂದು ಅವಳು ಯಾರಿಗಾದರೂ ಹೇಳಿದ್ದರೆ ಅದು ಸುಳ್ಳು.

"ಇಬ್ರೂ ಒಂದೊಂದು ಕೋಟು ಕತ್ತರಿಸಿ," ಎಂದ ತಮ್ಮ ಒಂದು ದಿನ, ಗೋಡೆಗೆ ಹೇಳುವವನ ಹಾಗೆ. "ಅಳತೆಯಿಂದ ಇಸ್ತ್ರಿವರೆಗೆ ಅವರವರೇ ಮಾಡ್ಬೇಕು. ಗಿರಾಕಿ ಹಾಕ್ಕೊಂಡು ಹೋಗ್ಲಿ. ಆಮೇಲೆ ಮೇಜು ಯಾರದ್ದು ಅಂತ ಹೇಳ್ತೀನಿ."

ಬಿಚ್ಚಕ್ಕನ ಪಾಲಿಗೆ ಬಂದದ್ದು ಔಷಧಿ ಅಂಗಡಿಯವನ ಕೋಟು. ಕಂಬದಂಥ ಆಳು, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೋಟು ಅವನ ಮೈಮೇಲೆ ಎರಕ ಹೊಯ್ದಂತೆ ಕೂತಿತು. ಅವನು ಕನ್ನಡಿಯಲ್ಲಿ ನೋಡಿಕೊಂಡು "ಹ್ಞೂಂ" ಎಂದು ಹೋದ. ಆ ಒಂದು ಹ್ಞೂಂಕಾರ ಅವಳಿಗೆ ಸಾಕಾಗಿತ್ತು.

ತಮ್ಮನ ಹೆಂಡತಿಗೆ ಸಿಕ್ಕಿದ್ದು ಪೋಸ್ಟ್‌ಮ್ಯಾನ್. ಆ ಬೀದಿಗೆ ಮೂವತ್ತನಾಲ್ಕು ವರ್ಷ ಕಾಗದ ಹಂಚಿದ ಮನುಷ್ಯ. ಅವನಿಗೆ ನಿವೃತ್ತಿ ಬಂದಿತ್ತು, ಆಫೀಸಿನವರು ವೇದಿಕೆ ಹಾಕಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹುಟ್ಟಿದ ಮೇಲೆ ಮೊದಲ ಸಲ ಒಂದು ಕೋಟು ಹೊಲಿಸಲು ಬಂದಿದ್ದ. ಆ ಅಂಗಡಿಯಲ್ಲಿ ಅಳತೆ ತೆಗೆಯುವ ಕ್ರಮ ಅಪ್ಪನ ಕಾಲದಿಂದಲೂ ಒಂದೇ. ಒಬ್ಬರು ಟೇಪು ಹಿಡಿದು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎಷ್ಟೇ ಮುನಿಸಿದ್ದರೂ ಅಳತೆಯನ್ನು ಮಾತಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡಿದ್ದರು. ಬಿಚ್ಚಕ್ಕ ಪುಸ್ತಕ ತೆರೆದು, ಅಡ್ಡಗೀಟು ಎಳೆದು, ತಲೆ ತಗ್ಗಿಸಿ ಕೂತಳು. ಪೋಸ್ಟ್‌ಮ್ಯಾನ್ ಚೀಲ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಒಂದು ಭುಜ ಅಳೆಯಲು ಇಷ್ಟು ಹೊತ್ತು ಬೇಕೇ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವಳು ಮನಸ್ಸಿನಲ್ಲೇ ನಕ್ಕಳು.

"ಭುಜ ಹದಿನೆಂಟು," ಎಂದು ಕೊನೆಗೆ ಕೂಗಿದಳು ತಮ್ಮನ ಹೆಂಡತಿ. "ಎಡತೋಳು ಇಪ್ಪತ್ನಾಲ್ಕು. ಬಲತೋಳು ಇಪ್ಪತ್ನಾಲ್ಕು. ಬೆನ್ನುದ್ದ ಎರಡೂ ಕಡೆ ಒಂದೇ."

ಬಿಚ್ಚಕ್ಕ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದುಕೊಂಡಳು.

ಬೀಳ್ಕೊಡುಗೆ ಇದ್ದದ್ದು ಸಂಜೆ ಆರಕ್ಕೆ. ನಾಲ್ಕಕ್ಕೆ ಬಂದು ಕೋಟು ಅಲ್ಲೇ ಹಾಕಿಕೊಂಡು ಹೋಗುತ್ತೇನೆ ಎಂದು ಪೋಸ್ಟ್‌ಮ್ಯಾನ್ ಹೇಳಿಹೋಗಿದ್ದ. ಅವತ್ತು ಬೆಳಿಗ್ಗೆ ತಮ್ಮ ಕೈ ತೋರಿಸಲು ಡಾಕ್ಟರ ಹತ್ತಿರ ಹೊರಟ, ಹೆಂಡತಿಯೂ ಜೊತೆಗೆ ಹೋದಳು. ಅಂಗಡಿಯಲ್ಲಿ ಉಳಿದದ್ದು ಬಿಚ್ಚಕ್ಕ ಮತ್ತು ಮೊಳೆಗೆ ತೂಗುಹಾಕಿದ್ದ ಆ ಕೋಟು. ಅದರ ಮೇಲೊಂದು ಹಳೆಯ ಬಟ್ಟೆ ಹೊದಿಸಿತ್ತು. ನೋಡಬಾರದು ಎಂದುಕೊಂಡಳು. ಎಷ್ಟು ಹೊತ್ತು? ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು.

ಕೋಟನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಎಡಭುಜ ಬಲಭುಜಕ್ಕಿಂತ ಕೆಳಗೆ. ಟೇಪು ಹಿಡಿದಳು. ಮುಕ್ಕಾಲು ಇಂಚು! ಎಡಗಡೆಯ ಕಂಕುಳ ಸುತ್ತು ತಗ್ಗಿ ಹೋಗಿತ್ತು, ಭುಜದೊಳಗಿನ ಮೆತ್ತೆ ಬಲಗಡೆ ಒಂದು ಪದರವಿದ್ದರೆ ಎಡಗಡೆ ಮೂರು. ಮುಂದೆ ಸಡಿಲಿಸಲು ಬೇಕಾದೀತೆಂದು ಹೊಲಿಗೆಯ ಒಳಗೆ ಬಿಡುವ ಮಾರ್ಜಿನ್ ಎರಡು ಬೆರಳು ಅಗಲ, ಅದೂ ಒಂದೇ ಕಡೆ. ಕೆಳಗಿನ ಅಂಚು ಕೂಡ ಓರೆ. ಪುಸ್ತಕ ತೆರೆದಳು. ತನ್ನದೇ ಕೈಬರಹ, ಎರಡೂ ಕಡೆ ಒಂದೇ. ಅಳತೆ ಒಂದು, ಕತ್ತರಿಸಿದ್ದು ಇನ್ನೊಂದು.

ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಹೇಳಿಕೊಳ್ಳಲು ನಾಚಿಕೆಯಾಗಬೇಕು. ಗೆದ್ದಾಯಿತು. ಇನ್ನೇನೂ ಮಾಡಬೇಕಿಲ್ಲ, ಕೋಟನ್ನು ಮೊದಲಿದ್ದ ಹಾಗೆ ತೂಗುಹಾಕಿ ಕೂತರೆ ಸಾಕು. ನಾಲ್ಕು ಗಂಟೆಗೆ ಗಿರಾಕಿ ಬಂದು, ತೊಟ್ಟು, ಕನ್ನಡಿಯ ಮುಂದೆ ಬಾಯಿ ಬಿಡುತ್ತಾನೆ. ತಮ್ಮ ನೋಡುತ್ತಾನೆ. ಮೂವತ್ತು ವರ್ಷದ ಮೇಲೆ ಮೇಜು ತನ್ನ ಕಡೆ ತಿರುಗುತ್ತದೆ. ಕೋಟನ್ನು ಮತ್ತೆ ತೂಗುಹಾಕಿ, ಬಟ್ಟೆ ಹೊದಿಸಿ, ಮಿಷಿನ್ನಿಗೆ ಬಂದು ಕೂತಳು.

ಕೂತರೆ ಕೆಲಸ ಸಾಗಬೇಕಲ್ಲ! ಬೆನ್ನ ಹಿಂದೆ ಸೊಟ್ಟದೊಂದು ನೇತಾಡುತ್ತಿದೆ ಎನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅವಳನ್ನು ಕಾಡಿತು. ಆ ಮುಕ್ಕಾಲು ಇಂಚು ತಮ್ಮ ಅಂಗಡಿಯ ಹೆಸರು ಹೊತ್ತು ವೇದಿಕೆ ಹತ್ತುತ್ತದೆ. ಊರಿನ ಅರ್ಧ ಜನ ನೋಡುತ್ತಾರೆ. ಸೋಲುವವಳು ತಮ್ಮನ ಹೆಂಡತಿಯೇ ಇರಬಹುದು, ಆದರೆ ಕೋಟು ಏನು ಪಾಪ ಮಾಡಿತ್ತು? ಹೊರಗೆ ಒಳ್ಳೆಯ ಬಟ್ಟೆ, ಒಳಗೆ ಒಳ್ಳೆಯ ಅಸ್ತರಿ. ಇವಳ ಮೇಲಿನ ಹಗೆ ಒಂದು ಕಡೆ, ಕೆಟ್ಟ ಕೆಲಸದ ಮೇಲಿನ ಹಗೆ ಇನ್ನೊಂದು ಕಡೆ ಎಳೆದವು. ಎತ್ತು ಏರಿಗೆ, ಕೋಣ ನೀರಿಗೆ. ಬಿಚ್ಚಕ್ಕನಲ್ಲಿ ಗೆದ್ದದ್ದು ಎರಡನೆಯದು. ಅದೇ ಅವಳ ದೊಡ್ಡತನ, ಅದೇ ಅವಳ ಹಣೆಬರಹ. ಮೇಜು ಹೋದರೂ ಸರಿ, ತನ್ನ ಕಣ್ಣೆದುರಿಗೆ ಇಂಥದ್ದು ಹೊಸಿಲು ದಾಟಬಾರದು ಎಂದು ಎದ್ದಳು.

ಹತ್ತೂವರೆಗೆ ಬ್ಲೇಡು ಹಚ್ಚಿದಳು. ತೋಳು ಬಿಚ್ಚಿದಳು, ಭುಜ ಬಿಚ್ಚಿದಳು, ಹೆಚ್ಚಿನ ಮೆತ್ತೆ ಕಿತ್ತೆಸೆದಳು. ಬಲಗಡೆಗೆ ಎಡಗಡೆಯನ್ನು ಕನ್ನಡಿ ಹಿಡಿದ ಹಾಗೆ ಹೊಂದಿಸಿದಳು. ಕೋಟಿನ ಒಳಗೂ ಹೊರಗಿನಷ್ಟೇ ಅಚ್ಚುಕಟ್ಟಾಗಿರಬೇಕು ಎಂಬುದು ಅವಳ ನಿಯಮ, ಹಾಗಾಗಿ ಆ ಅಗಲದ ಮಾರ್ಜಿನ್ನನ್ನು ಕಾಲಿಂಚಿಗೆ ಕತ್ತರಿಸಿ ಚೂರುಗಳ ಬುಟ್ಟಿಗೆ ಹಾಕಿದಳು. ಊಟ ಮರೆತಳು. ಅಸ್ತರಿಯನ್ನು ಕೈಯಿಂದಲೇ ಹೊಲಿದಳು, ದಾರದ ತುದಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಭೂತಗನ್ನಡಿ ಹಿಡಿದರೂ ಕಾಣದ ಹಾಗೆ. ಕೊನೆಯ ಗಂಟು ಹಾಕಿ ಎಣಿಸಿದರೆ ಇಂಚಿಗೆ ಇಪ್ಪತ್ನಾಲ್ಕು. ಅವಳ ಇಡೀ ಬದುಕಿನಲ್ಲೇ ಬಿದ್ದಿರಲಿಲ್ಲ ಅಷ್ಟು. ಇಸ್ತ್ರಿ ಉಜ್ಜಿ ಮೊಳೆಗೆ ಹಾಕಿದಾಗ ಮೂರೂವರೆ. ತಾನು ಮಾಡಿದ್ದನ್ನು ನೋಡಿ ಅವಳ ಕಣ್ಣು ತುಂಬಿ ಬಂತು. ಹಗೆಯ ಹೆಂಗಸಿನ ಕೋಟಿಗೆ ತಾನು ಇಷ್ಟು ಮಾಡಿದೆನಲ್ಲ ಎಂದು ಹೆಮ್ಮೆಯೂ ಆಯಿತು.

ನಾಲ್ಕಕ್ಕೆ ಸರಿಯಾಗಿ ಗಂಡಹೆಂಡತಿ ಬಂದರು, ಅವರ ಹಿಂದೆಯೇ ಪೋಸ್ಟ್‌ಮ್ಯಾನ್. ಗಡ್ಡ ಹೆರೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಶಾಲೆಗೆ ಹೊರಟ ಹುಡುಗನ ಹಾಗೆ ನಗುತ್ತಿದ್ದ. ಚೀಲವನ್ನು ಮಧ್ಯಾಹ್ನವೇ ಆಫೀಸಿಗೆ ಒಪ್ಪಿಸಿ ಬಂದಿದ್ದ. ಕೋಟಿನೊಳಗೆ ಕೈ ತೂರಿಸಿದ, ಗುಂಡಿ ಹಾಕಿದ, ಕನ್ನಡಿಯ ಕಡೆ ತಿರುಗಿದ.

ನಗು ನಿಂತಿತು. ಕೋಟಿನ ಎಡಗಡೆ ಕುಸಿದು ಬಿದ್ದಿತ್ತು. ಕಾಲರು ಕುತ್ತಿಗೆ ಬಿಟ್ಟು ದೂರ ನಿಂತಿತ್ತು, ಅಲ್ಲಿಂದ ಕಂಕುಳವರೆಗೆ ಒಂದು ಉದ್ದನೆಯ ಸುಕ್ಕು, ಕೆಳಗೆ ಒಂದು ಅಂಚು ತೊಡೆಗೆ, ಇನ್ನೊಂದು ಅದಕ್ಕಿಂತ ಮೇಲೆ. ತಮ್ಮನ ಹೆಂಡತಿ ಕೋಟು ನೋಡಿದಳು, ಬುಟ್ಟಿ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಹನ್ನೊಂದು ದಿನಗಳ ಮೇಲೆ ಅವಳು ಬಾಯಿ ಬಿಟ್ಟಳು.

"ಏನು ಮಾಡಿದ್ರಿ ಅತ್ತಿಗೆ?"

"ಸರಿ ಮಾಡಿದೆ," ಎಂದಳು ಬಿಚ್ಚಕ್ಕ, ಎಂದಿನ ದೊಡ್ಡ ದನಿಯಲ್ಲಿ. "ನೀನು ಮುಕ್ಕಾಲು ಇಂಚು ಸೊಟ್ಟ ಹೊಲಿದಿದ್ದೆ. ಬೇಕಾದ್ರೆ ಪುಸ್ತಕ ನೋಡು."

"ಸೊಟ್ಟ ಇದ್ದಿದ್ದು ಕೋಟಲ್ಲಮ್ಮ," ಎಂದ ಪೋಸ್ಟ್‌ಮ್ಯಾನ್ ಕನ್ನಡಿಯಿಂದ ಕಣ್ಣು ತೆಗೆಯದೆ. "ನಾನು."

ಆಗ ಬಿಚ್ಚಕ್ಕ ಅವನನ್ನು ನೋಡಿದಳು. ಇಷ್ಟು ವರ್ಷ ದಿನಾ ಬಾಗಿಲಿಗೆ ಬಂದವನು, ಕಾಗದ ತಲೆಕೆಳಗಾಗಿ ಹಾಕುತ್ತಾನೆಂದು ತಾನು ಎರಡು ಸಲ ಬೈದಿದ್ದವನು. ಅವನ ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ಟೇಪಿನ ಅಗತ್ಯವೇ ಇರಲಿಲ್ಲ, ಎಷ್ಟೆಂದು ಅವಳಿಗೆ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಚೀಲ ಹೊತ್ತ ಭುಜ ಅದು. ಚೀಲ ಇದ್ದಷ್ಟು ದಿನ ಚೀಲದ ಭಾರಕ್ಕೆ ವಾಲಿದ್ದಾನೆ ಎಂದು ನೋಡಿದವರೆಲ್ಲ ಅಂದುಕೊಂಡಿದ್ದರು.

ತಮ್ಮನ ಹೆಂಡತಿ ಕೋಟು ತೆಗೆಸಿ ಮೇಜಿಗೆ ತಂದಳು. ಮೆತ್ತೆಯನ್ನು ಬುಟ್ಟಿಯಿಂದ ಆಯ್ದು ತುರುಕಿ ನೋಡಿದಳು, ತೋಳು ಎದ್ದು ನಿಂತಿತು. ಕಂಕುಳ ಸುತ್ತನ್ನು ಇಳಿಸಬೇಕೆಂದರೆ ಬಟ್ಟೆ ಬೇಕಲ್ಲ.

"ಮಾರ್ಜಿನ್ ಎಲ್ಲಿ?" ಎಂದು ಕೇಳಿದಳು.

ಬಿಚ್ಚಕ್ಕ ಬುಟ್ಟಿಯ ಕಡೆ ಕೈ ತೋರಿಸಿದಳು.

ಬಿಚ್ಚೋಣವೆಂದರೆ ಹೊಲಿಗೆಯ ತುದಿಯೇ ಸಿಗಲಿಲ್ಲ. ತಮ್ಮನ ಹೆಂಡತಿ ಬ್ಲೇಡಿನ ಮೊನೆಯಿಂದ ಹುಡುಕಿದಳು, ತಮ್ಮ ನಡುಗುವ ಕೈಯಲ್ಲಿ ದೀಪ ಹಿಡಿದ. ಬಿಚ್ಚಕ್ಕ ತಾನೇ ಕೂತು ಪ್ರಯತ್ನಿಸಿದಳು. ಅಷ್ಟು ಸಣ್ಣ ಹೊಲಿಗೆ ಬಟ್ಟೆಯ ಎಳೆಗಳ ಜೊತೆಗೇ ಬೆರೆತು ಹೋಗಿತ್ತು, ಎಳೆದರೆ ಬಟ್ಟೆಯೇ ಬಾಯಿ ಬಿಡುತ್ತಿತ್ತು. ಗಡಿಯಾರ ಐದರ ಹತ್ತಿರ ಬಂತು.

"ಬಿಡಿ, ಬಿಡಿ," ಎಂದ ಪೋಸ್ಟ್‌ಮ್ಯಾನ್. "ಹಳೇ ಸ್ವೆಟರ್‌ಗಿಂತ ವಾಸಿನೇ ಅಲ್ವಾ? ಅಲ್ಲಿ ಹಾರ ಹಿಡ್ಕೊಂಡು ಕಾಯ್ತಿರ್ತಾರೆ." ಕೋಟು ತೊಟ್ಟ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, ಬಿಚ್ಚಕ್ಕನಿಗೆ ಹೇಳಿದ, "ಹೊಲಿಗೆ ತುಂಬಾ ಚೆನ್ನಾಗಿದೆಯಮ್ಮ."

ವ್ಯಂಗ್ಯವೂ ಇರಲಿಲ್ಲ ಅವನ ಮಾತಿನಲ್ಲಿ. ಇದ್ದಿದ್ದರೆ ಅವಳು ಏನಾದರೂ ತಿರುಗಿಸಿ ಹೇಳಿ ಬದುಕಿಕೊಳ್ಳುತ್ತಿದ್ದಳು.

ಅವನು ಬೀದಿಯ ತಿರುವು ದಾಟುವವರೆಗೆ ತಮ್ಮನ ಹೆಂಡತಿ ತಡೆದುಕೊಂಡಳು. ಆಮೇಲೆ ಕಟ್ಟೆ ಒಡೆಯಿತು.

"ನೀವು ಊಟಕ್ಕೆ ಹೋದಾಗ ಟ್ರಯಲ್ ನೋಡೋಕೆ ಕರೆಸಿದ್ದೆ, ಅವತ್ತು ಅವ್ರು ಆ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ರು ಗೊತ್ತಾ? ನಾನು ಹಿಂಗೂ ಕಾಣ್ತೀನಾ ಅಂತ ಕೇಳಿದ್ರು. ಮೂರು ಸಲ ಕೇಳಿದ್ರು!"

"ಹಂಗಿದ್ರೆ ಪುಸ್ತಕದಲ್ಲಿ ಯಾಕೆ ಬರೆಸ್ಲಿಲ್ಲ?"

"ಹೆಂಗೆ ಬರೆಸ್ಲಿ? ಕೂಗಿ ಹೇಳ್ಲಾ, ಇವರ ಎಡಭುಜ ಬಿದ್ದೋಗಿದೆ ಅಂತ? ನಾಲ್ಕು ಜನ ಗಿರಾಕಿ ಕೂತಿದ್ರು. ಚೀಲ ಇಳಿಸಿದ ತಕ್ಷಣ ಅವ್ರ ಮುಖ ಹೆಂಗಾಯ್ತು ಅಂತ ನಾನು ನೋಡ್ದೆ. ಎರಡು ಕಡೆನೂ ಒಂದೇ ಅಂತ ಕೂಗ್ದೆ, ಅಳತೆ ತಲೇಲಿ ಇಟ್ಕೊಂಡೆ. ನೀವೂ ಅಲ್ಲೇ ಇದ್ರಲ್ಲ ಅತ್ತಿಗೆ? ತಲೆ ಎತ್ತಿದ್ರೆ ಸಾಕಿತ್ತು."

"ಆಮೇಲಾದ್ರೂ ಒಂದು ಮಾತು ಹೇಳ್ಬಹುದಿತ್ತು."

"ನಿಮ್ಮ ಹತ್ರಾನಾ? ನಿಮ್ಮ ಹತ್ರ ಮಾತು ಯಾರು ಆಡ್ತಾರೆ? ನೀವು ಕೇಳಿಸ್ಕೊಳ್ಳೋದು ತಪ್ಪು ಹುಡುಕೋಕೆ." ಅವಳು ಉಸಿರು ಎಳೆದುಕೊಂಡಳು. "ಬೇಕೂಂತ್ಲೇ ಮಾಡಿದ್ರಿ. ಮೇಜಿಗೋಸ್ಕರ."

ಬಿಚ್ಚಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಮೇಜಿಗೋಸ್ಕರ ಆಗಿದ್ರೆ ನಾನು ಅದನ್ನ ಮುಟ್ತಾನೇ ಇರ್ಲಿಲ್ಲ ಕಣೇ! ಸೊಟ್ಟ ಹೋಗ್ಲಿ ಅಂತ ಬಿಟ್ಟುಬಿಡ್ತಿದ್ದೆ!"

ಅವಳ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿರಲಿಲ್ಲ. ಅದನ್ನು ಹೆಂಡತಿ ನಂಬಲಿಲ್ಲ, ತಮ್ಮನೂ ನಂಬಲಿಲ್ಲ. ಯಾಕೆ ನಂಬಬೇಕು? ಹತ್ತೊಂಬತ್ತು ವರ್ಷದಲ್ಲಿ ಅವಳು ಇನ್ನೊಬ್ಬರ ಕೆಲಸವನ್ನು ಸದ್ದಿಲ್ಲದೆ ನೆಟ್ಟಗೆ ಮಾಡಿಕೊಟ್ಟದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ತಮ್ಮ ಕತ್ತರಿ ಎತ್ತಿಕೊಂಡು ಹೋಗಿ ಹೆಂಡತಿಯ ಮಿಷಿನ್ನಿನ ಮೇಲಿಟ್ಟ. ಇಡುವಾಗ ಅದು ಅವನ ಕೈಯಲ್ಲಿ ಕಟಕಟ ಎಂದಿತು.

"ಇದು ಅವಳ ಹತ್ರ ಇರ್ಲಿ ಅಕ್ಕ," ಎಂದ.

ಎರಡು ದಿನ ಬಿಚ್ಚಕ್ಕ ಅಂಗಡಿಗೆ ಬರಲಿಲ್ಲ. ಹಾಸಿಗೆ ಮಡಿಸಲಿಲ್ಲ, ತರಕಾರಿಯನ್ನು ಹೇಗೆಂದರೆ ಹಾಗೆ ಕೊಚ್ಚಿ ಬೇಯಿಸಿ ತಿಂದಳು. ಮೇಜು ಹೋದದ್ದಕ್ಕೆ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬಂದದ್ದು ಆ ಮನುಷ್ಯ ಬಾಗಿಲಲ್ಲಿ ತಿರುಗಿ ನಿಂತದ್ದು, ಮತ್ತೆ ಮತ್ತೆ. ಮೂರನೆಯ ದಿನ ಅದೇ ಬಟ್ಟೆ ಹುಡುಕಿ ತಂದು ಕಟಿಂಗ್ ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಇನ್ನೊಂದು ಕತ್ತರಿಸು," ಎಂದಳು ತಮ್ಮನ ಹೆಂಡತಿಗೆ.

"ಯಾತಕ್ಕೆ? ಸಭೆ ಮುಗೀತು."

"ಕತ್ತರಿಸು ಅಂದ್ನಲ್ಲ. ನಿನ್ನ ತಲೇಲಿದೆಯಲ್ಲ ಅಳತೆ."

ತಮ್ಮನ ಹೆಂಡತಿ ಒಂದು ಗಳಿಗೆ ಅವಳನ್ನೇ ನೋಡಿದಳು. ಕರುಣೆಯಿಂದಲ್ಲ. ಬಟ್ಟೆ ಹರವಿ, ಪುಸ್ತಕ ತೆರೆಯದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸಿದಳು. ತುಂಡುಗಳನ್ನು ಅತ್ತಿಗೆಯ ಮಿಷಿನ್ನಿನ ಮೇಲೆ ಎಸೆದಳು.

"ಒಂದು ನೂಲು ಸರಿ ಮಾಡಿದ್ರೂ ಇದನ್ನ ಒಲೆಗೆ ಹಾಕ್ತೀನಿ," ಎಂದಳು.

ಬಿಚ್ಚಕ್ಕ ನಾಲ್ಕು ದಿನ ಕೂತು ಹೊಲಿದಳು. ಆ ನಾಲ್ಕು ದಿನ ಅವಳಿಗಾದ ಹಿಂಸೆ ಶತ್ರುವಿಗೂ ಬೇಡ. ಬೆರಳು ತಾನಾಗಿಯೇ ಓರೆಯನ್ನು ನೇರಕ್ಕೆ ಎಳೆಯುತ್ತಿತ್ತು, ಅದನ್ನು ಬೈದು ಹಿಂದಕ್ಕೆ ತರಬೇಕಾಗಿತ್ತು. ಎಡಗಡೆ ಮೂರು ಪದರ ಮೆತ್ತೆ ಇಟ್ಟು, ಮಾರ್ಜಿನ್ ಎರಡು ಬೆರಳು ಬಿಟ್ಟು, ಮುಂದೆ ಯಾರಾದರೂ ಬಿಚ್ಚಬೇಕಾಗಿ ಬಂದರೆ ತುದಿ ಸಿಗುವ ಹಾಗೆ ದಾರವನ್ನು ಸ್ವಲ್ಪ ಹೊರಗೇ ಬಿಟ್ಟಳು. ಮುಕ್ಕಾಲು ಇಂಚು ಎಂದರೆ ಮುಕ್ಕಾಲು ಇಂಚೇ, ಅದರಲ್ಲಿ ಅರ್ಧ ನೂಲೂ ಹೆಚ್ಚುಕಡಿಮೆ ಇಲ್ಲ. ತಮ್ಮನ ಹೆಂಡತಿ ಟೇಪು ಹಿಡಿದು ಎರಡು ಸಲ ಅಳೆದಳು. ತಪ್ಪು ಸಿಗಲೆಂದೇ ಅಳೆದಳು. ಸಿಗಲಿಲ್ಲ.

ಪೋಸ್ಟ್‌ಮ್ಯಾನನ ಮನೆ ಮೂರು ಬೀದಿಯಾಚೆ, ಮೆಟ್ಟಿಲು ಹತ್ತಿ ಎರಡನೆಯ ಮಹಡಿ. ಬಿಚ್ಚಕ್ಕ ಕೋಟನ್ನು ತೋಳಿನ ಮೇಲೆ ಮಲಗಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಲಿತಳು, ಅವಳು ಹುಟ್ಟಿದ ಮೇಲೆ ಯಾರಿಗೂ ಹೇಳದಿದ್ದ ಮಾತು. ಬಾಗಿಲು ತೆರೆದವನು ಅವನೇ. ಮಾಸಿದ ಸ್ವೆಟರ್ ಹಾಕಿದ್ದ. ಅವಳನ್ನೂ ಕೋಟನ್ನೂ ನೋಡಿದ, ಒಳಗೆ ಬನ್ನಿ ಎನ್ನಲಿಲ್ಲ.

"ತಪ್ಪು ನನ್ನದು," ಎಂದಳು ಬಿಚ್ಚಕ್ಕ. "ಸರಿಯಾಗಿ ಹೊಲಿದು ತಂದಿದೀನಿ. ನೀವು ಟ್ರಯಲ್‌ನಲ್ಲಿ ನೋಡಿದ್ರಲ್ಲ, ಹಂಗೇ ಇದೆ. ಒಂದು ಸಲ ಹಾಕ್ಕೊಂಡು ನೋಡಿ."

"ನಾನೇನು ದೂರು ಹೇಳ್ಲಿಲ್ವಲ್ಲಮ್ಮ."

"ಇಲ್ಲ. ಅದಕ್ಕೇ ತಂದೆ."

ಅವನು ಬಾಗಿಲ ಚೌಕಟ್ಟಿಗೆ ಬಲಭುಜ ಒರಗಿಸಿ ನಿಂತ. "ಅವತ್ತು ಹಾರ ಹಾಕಿದ್ರು," ಎಂದ. "ಹಾರ ಎಡಗಡೆಯಿಂದ ಜಾರಿ ಬಿತ್ತು. ಎತ್ತಿ ಹಾಕಿದ್ರು, ಮತ್ತೆ ಜಾರಿತು. ಹಿಂದುಗಡೆಯಿಂದ ಯಾರೋ ಅಂದ್ರು, ಇವನು ಚೀಲ ಇಳಿಸಿದ್ರೂ ಚೀಲ ಇವನನ್ನ ಬಿಟ್ಟಿಲ್ಲ ಕಣ್ರೋ ಅಂತ. ಎಲ್ಲ ನಕ್ಕರು. ನಾನೂ ನಕ್ಕೆ. ಫೋಟೋನೂ ತೆಗೆದಿದಾರೆ. ನನ್ನ ಹೆಂಡತಿ ಅದನ್ನ ಬೀರು ಮೇಲೆ ಬೋರಲಾಗಿ ಇಟ್ಟಿದಾಳೆ."

ಬಿಚ್ಚಕ್ಕ ಕೋಟನ್ನು ಮುಂದಕ್ಕೆ ಚಾಚಿದಳು. ಅವನು ಕೈಯಿಂದ ಬಟ್ಟೆಯನ್ನು ಒಂದು ಸಲ ಸವರಿದ. ಎಡಭುಜದ ಮೇಲೆ ಹೆಬ್ಬೆರಳು ಇಟ್ಟು, ಮೆತ್ತೆಯನ್ನು ಒತ್ತಿ, ಕೈ ಹಿಂದಕ್ಕೆ ತೆಗೆದುಕೊಂಡ.

"ಎಲ್ಲರೂ ನೋಡಿ ಆಯ್ತಲ್ಲಮ್ಮ. ಇನ್ನು ಇದನ್ನ ಯಾರಿಂದ ಮುಚ್ಚಿಡ್ಲಿ?" ಎಂದ. "ತಗೊಂಡು ಹೋಗಿ."

ಬಾಗಿಲು ಮುಚ್ಚಿತು. ಜೋರಾಗಿ ಅಲ್ಲ, ಮೆಲ್ಲಗೆ, ಚಿಲಕ ಬಿದ್ದ ಸದ್ದು ಮಾತ್ರ ಕೇಳುವ ಹಾಗೆ. ಬಿಚ್ಚಕ್ಕ ಕೋಟನ್ನು ಮತ್ತೆ ತೋಳಿನ ಮೇಲೆ ಮಲಗಿಸಿಕೊಂಡು ಮೆಟ್ಟಿಲಿಳಿದಳು. ಅಂಗಡಿಗೆ ಬಂದಾಗ ತಮ್ಮನ ಹೆಂಡತಿ ಮೇಜಿನ ಮುಂದೆ ನಿಂತು ಯಾರದೋ ಬಟ್ಟೆಗೆ ಗುರುತು ಹಾಕುತ್ತಿದ್ದಳು. ಅತ್ತಿಗೆಯ ತೋಳಿನ ಮೇಲಿದ್ದ ಕೋಟು ಕಂಡಿತು, ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಕೈಚಾಚಿ ಕೋಟು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಇದು ಇನ್ಯಾರಿಗೂ ಆಗಲ್ಲ," ಎಂದಳು.

"ಗೊತ್ತು," ಎಂದಳು ಬಿಚ್ಚಕ್ಕ, ಮಿಷಿನ್ನಿಗೆ ಕೂತು ಮುಂದಿನ ತುಂಡನ್ನು ಹತ್ತಿರ ಎಳೆದುಕೊಂಡಳು.